ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ವೈಟ್‌ಫೀಲ್ಡಿನ ನಮ್ಮ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಆರ್ಡರ್ ತಗೊಳ್ಳೋ ಮೊದಲು ಅಲರ್ಜಿ ಇದೆಯಾ ಅಂತ ನಾನು ಕೇಳಲೇಬೇಕು. ದೊಡ್ಡನೆಕ್ಕುಂದಿಯಿಂದ ಮಗಳ ಜೊತೆ ತಮ್ಮ ಹುಟ್ಟುಹಬ್ಬದ ಊಟಕ್ಕೆ ಬಂದಿದ್ದ ಅಜ್ಜಿಯನ್ನೂ ಕೇಳಿದೆ.

"ಬದನೆಕಾಯಿ ಒಂದು ಬ್ಯಾಡ ಕಣಪ್ಪ," ಅಂದರು.

ಅಲರ್ಜಿ ಇರಬೇಕು ಅಂತ ಅಡುಗೆಮನೆಗೆ ಹೋಗಿ ಹೇಳಿದೆ. ಶೆಫ್‌ಗೆ ಗಾಬರಿ. ಅವರು ಫ್ರಾನ್ಸಿನವರು, ಅವತ್ತಿನ ಸ್ಪೆಷಲ್ಲೇ ಬದನೆಕಾಯಿ. ಚಾಕು, ಹಲಗೆ ಎಲ್ಲ ತೊಳೆಸಿ ತಾವೇ ಟೇಬಲ್ಲಿಗೆ ಬಂದರು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ನಿಂತೆ.

"ಅದು ತಿಂದ್ರೆ ಏನಾಗುತ್ತೆ ಅಂತ ಕೇಳ್ತಿದಾರೆ ಅಜ್ಜಿ. ಮೈ ಕೆರೆಯುತ್ತಾ, ಉಸಿರು ಕಟ್ಟುತ್ತಾ?"

"ಏನೂ ಆಗಾಕಿಲ್ಲ. ಕಾಸೀಗೆ ಹೋದಾಗ ಬಿಟ್ಬಂದೆ. ಅಲ್ಲಿ ಗಂಗೇಲಿ ಮುಳುಗಿ, ಇಷ್ಟವಾದ್ದು ಒಂದನ್ನ ಬಿಡಬೇಕು."

ಶೆಫ್ ಕುರ್ಚಿ ಎಳೆದುಕೊಂಡು ಕೂತರು. ಇಷ್ಟ ಇಲ್ಲದ್ದನ್ನ ಬಿಟ್ಟಿದ್ದರೆ ಸುಲಭವಾಗ್ತಿತ್ತಲ್ಲ ಅಂತ ನನ್ನಿಂದ ಕೇಳಿಸಿದರು.

"ನಮ್ಮ ಯಜಮಾನ್ರು ಹಂಗೇ ಮಾಡಿದ್ರು, ಹಾಗಲಕಾಯಿ ಬಿಟ್ರು," ಅಂದರು ಅಜ್ಜಿ. "ಅವರಿಗೆ ಪುಣ್ಯ ಬಂದಿರಾಕಿಲ್ಲ ಬುಡು."

ಅಷ್ಟರಲ್ಲಿ ಮಗಳು ತನಗೆ ಅಂತ ಹೇಳಿದ್ದ ಬದನೆಕಾಯಿ ಹಬೆಯಾಡುತ್ತಾ ಬಂತು. ಶೆಫ್ ಅದನ್ನ ದೂರ ಸರಿಸಲು ಕೈ ಚಾಚಿದರೆ ಅಜ್ಜಿ ತಟ್ಟೆಯ ಅಂಚು ಹಿಡಿದುಕೊಂಡರು.

"ಇಲ್ಲೇ ಇರ್ಲಿ. ತಿನ್ನೋದು ತಾನೇ ಬಿಟ್ಟಿರೋದು, ಮೂಸೋದಲ್ವಲ್ಲ!"

ಕಣ್ಣು ಮುಚ್ಚಿಕೊಂಡು ಉಸಿರು ಎಳೆದುಕೊಂಡರು. ಬೆಳ್ಳುಳ್ಳಿ ಒಂಚೂರು ಜಾಸ್ತಿಯಾಗಿದೆ ಅಂದರು. ಶೆಫ್ ತಿಂದು ನೋಡಿ, ಹೌದು ಅಂತ ತಲೆಯಾಡಿಸಿದರು.

ಆಮೇಲಿಂದ ಬದನೆಕಾಯಿ ಮಾಡಿದಾಗೆಲ್ಲ ಬೆಳ್ಳುಳ್ಳಿ ಸರಿಯಾಗಿದೆಯಾ ಅಂತ ಶೆಫ್ ಮೊದಲು ತಟ್ಟೆಯನ್ನ ನನ್ನ ಮೂಗಿಗೆ ಹಿಡೀತಾರೆ. ತಿನ್ನೋಕೆ ಮಾತ್ರ ಕೊಡಲ್ಲ. ಕಾಶಿಗೆ ಹೋಗದೇನೇ ನನಗೂ ಪುಣ್ಯ ಬರ್ತಿದೆ.