ಅಪ್ಪನ ತೂಕದ ಮಷೀನು

ಮದರಾಸಿನ ಅಡ್ಯಾರಿನಲ್ಲಿ ನಾನು ಬಸ್ಸಿಳಿಯುವ ಕಡೆ ಒಂದು ಜಿಮ್ ಇತ್ತು. ಅದರ ಬಾಗಿಲ ಮೇಲೆ ನನ್ನ ಗೆಳೆಯನ ಆಳೆತ್ತರದ ಫೋಟೊ: ಬರಿಮೈ, ಬೆರಳು ಬಿಟ್ಟ ಗ್ಲೌಸು, ಸೊಂಟಕ್ಕೆ ಗೆದ್ದ ಬೆಲ್ಟು. ಇನ್ಶೂರೆನ್ಸ್ ಆಫೀಸಿಗೆ ಹೋಗುವಾಗ ದಿನಾ ಅವನ ಮುಖ ನೋಡಬೇಕಲ್ಲ ಎಂದು ಒಂದು ಸ್ಟಾಪ್ ಮೊದಲೇ ಇಳಿದು ಬೇರೆ ಬೀದಿಯಲ್ಲಿ ನಡೆಯುತ್ತಿದ್ದೆ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದ್ದೆ. ಸುಳ್ಳು. ಅದು ಹೊಟ್ಟೆಕಿಚ್ಚು, ಬೇರೇನೂ ಅಲ್ಲ.

ನಾವಿಬ್ಬರೂ ರೈಲ್ವೆ ಕ್ವಾರ್ಟರ್ಸಿನ ಹುಡುಗರು. ನಮ್ಮದು ಮೈಸೂರಿನಿಂದ ವರ್ಗವಾಗಿ ಬಂದ ಮನೆ, ಅವನದು ತಾತನ ಕಾಲದಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡ ಮನೆ. ತೊಂಬತ್ತರ ದಶಕದ ಕೊನೆಯಲ್ಲಿ ಒಟ್ಟಿಗೆ ಕರಾಟೆಗೆ ಸೇರಿದೆವು. ಕೆಲವು ವರ್ಷ ಕಳೆದ ಮೇಲೆ ನಮ್ಮ ಮಾಸ್ಟರು ಗುದ್ದು, ಒದೆ, ಕುಸ್ತಿ ಮೂರೂ ಸೇರಿದ ಹೊಸ ಆಟ ಕಲಿತು ಬಂದು, ತಿರುವೊಟ್ಟಿಯೂರಿನಲ್ಲಿ ಮೀನುಬಲೆಗಳ ಗೋದಾಮಿನ ಮಹಡಿಯ ಮೇಲೆ ಮ್ಯಾಟ್ ಹಾಸಿದರು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಹೆಸರನ್ನು ನಾವು ಆಗಲೇ ಮೊದಲು ಕೇಳಿದ್ದು. ಹಿಂದಿನಿಂದ ಕುತ್ತಿಗೆಗೆ ಕೈ ಸುತ್ತಿ ಉಸಿರು ಕಟ್ಟಿಸುವ ಪಟ್ಟನ್ನು ಅವನಿಗೆ ಹೇಳಿಕೊಟ್ಟವನು ನಾನು. ಒಂದೇ ತಿಂಗಳಲ್ಲಿ ಅದನ್ನು ನನ್ನ ಮೇಲೇ ಪ್ರಯೋಗಿಸಿ ಗೆಲ್ಲತೊಡಗಿದ.

ಮಾಸ್ಟರಿಗೆ ಅವನೆಂದರೆ ಪ್ರಾಣ. ಅದಾದರೂ ಹೋಗಲಿ, ನಮ್ಮಮ್ಮನಿಗೂ ಹಾಗೇ. ಅವನ ತಮಿಳು ಬೆರೆತ ಕನ್ನಡಕ್ಕೆ ನಕ್ಕು ನಕ್ಕು ಸಾಕಾಗಿ, ನನಗೆಂದು ಎತ್ತಿಟ್ಟ ಮುದ್ದೆಯನ್ನು ಅವನ ತಟ್ಟೆಗೆ ಹಾಕುತ್ತಿದ್ದಳು. ನಾನು ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಿದ್ದೆ.

ಮುಂಬೈಯಲ್ಲಿ ಒಂದು ವೃತ್ತಿಪರ ಪಂದ್ಯ ಗೊತ್ತಾಯಿತು. ಅರವತ್ತೈದು ಕಿಲೋದೊಳಗೆ ನಮ್ಮಿಂದ ಒಬ್ಬನಿಗೆ ಮಾತ್ರ ಅವಕಾಶ. ಮಾಸ್ಟರು ಅವನನ್ನು ಆರಿಸಿದರು. ಅವನು ತೂಕ ಇಳಿಸಲಾಗದೆ ಕೈಬಿಟ್ಟರೆ ನಾನು. ನಾನು ಆಗಲೇ ಅರವತ್ತನಾಲ್ಕರಲ್ಲಿದ್ದೆ. ಅವನು ಎಪ್ಪತ್ತು. ಹಾಗಾಗಿ ಆ ಮೂರು ವಾರ ನನ್ನ ಹಣೆಬರಹವೆಲ್ಲ ಅವನ ತೂಕದಲ್ಲಿತ್ತು.

ಮಾಸ್ಟರ ಮಹಡಿಯಲ್ಲಿದ್ದ ತೂಕದ ಮಷೀನಿನ ಮುಳ್ಳು ಎಡಗಾಲಿಗೊಂದು, ಬಲಗಾಲಿಗೊಂದು ಲೆಕ್ಕ ತೋರಿಸುತ್ತಿತ್ತು. ಅದನ್ನು ನಂಬದೆ ಅವನು ನಮ್ಮಪ್ಪನ ಹತ್ತಿರ ಬರತೊಡಗಿದ. ಅಪ್ಪ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ದೊಡ್ಡ ಗಡಿಯಾರದಂಥ ಮುಖದ ತೂಕದ ಮಷೀನು, ಅದರ ತಟ್ಟೆ ನೆಲದ ಮಟ್ಟಕ್ಕೇ ಇತ್ತು. ತೂಕ ಜಾಸ್ತಿ ತೋರಿಸುತ್ತದೆ ಎಂದು ಯಾರಾದರೂ ಗೊಣಗಿದರೆ ಅಪ್ಪ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ತಂದಿಟ್ಟು ಅವರ ಬಾಯಿ ಮುಚ್ಚಿಸುತ್ತಿದ್ದರು. ಸಂಜೆ ಮನೆಗೆ ಬಂದು ಆ ಕತೆಯನ್ನು ಎರಡು ಸಲ ಹೇಳುತ್ತಿದ್ದರು. ಅವರಿಗೆ ಇದ್ದ ಜಂಬ ಅದೊಂದೇ.

ಕೊನೆಯ ವಾರ ಅವನು ಅರವತ್ತೇಳಕ್ಕೆ ಇಳಿದಿದ್ದ. ಮಧ್ಯಾಹ್ನ ರೈಲು ಇಲ್ಲದ ಹೊತ್ತು. ಅವನು ತಟ್ಟೆಯ ಮೇಲೆ ಗೋಡೆ ನೋಡುತ್ತ ನಿಂತ. ಅಪ್ಪ ಮೇಜಿನಿಂದಲೇ ಮುಳ್ಳು ನೋಡಿ ಓದುವವರು. ಅವನ ಬೆನ್ನ ಹಿಂದೆ ನಿಂತಿದ್ದ ನಾನು ಚಪ್ಪಲಿ ಬಿಟ್ಟು, ಬಲಗಾಲಿನ ಹೆಬ್ಬೆರಳನ್ನು ತಟ್ಟೆಯ ಅಂಚಿಗೆ ಒತ್ತಿದೆ.

"ಅರವತ್ತೊಂಬತ್ತು," ಎಂದರು ಅಪ್ಪ.

"ಅಯ್ಯೋ ಅಂಕಲ್, ನಿಜವಾ?"

"ನನ್ ಮಷೀನು ಸುಳ್ಳು ಹೇಳಲ್ಲ ಕಣಪ್ಪ."

ಅಪ್ಪನೇ ಹೇಳಿದ ಮೇಲೆ ಅವನು ಮತ್ತೆ ಕೇಳಲಿಲ್ಲ. ಉಪ್ಪು ಬಿಟ್ಟ, ಅನ್ನ ಬಿಟ್ಟ, ಸ್ವೆಟರಿನ ಮೇಲೆ ರೇನ್‌ಕೋಟು ಹಾಕಿ ಸುಡುಬಿಸಿಲಿನಲ್ಲಿ ಸಮುದ್ರದ ದಂಡೆಯುದ್ದಕ್ಕೂ ಓಡಿದ. ಜೊತೆಗೆ ನಾನೂ ಓಡಿದೆ. ಮತ್ತೆ ಎರಡು ಸಲ ತೂಗಿಸಿದ, ಎರಡು ಸಲವೂ ನಾನು ಬೆರಳು ಒತ್ತಿದೆ. ಅವನ ತುಟಿ ಒಡೆದಿತ್ತು. "ಸಾಕು, ಬಿಟ್ಟುಬಿಡೋ," ಎಂದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀ ಟೆನ್ಷನ್ ಆಗ್ಬೇಡ ಡಾ, ಇಳಿಸೇ ಇಳಿಸ್ತೀನಿ," ಎಂದ. ಪ್ರೀತಿಯಿಂದ ಹೇಳಿದೆ ಎಂದುಕೊಂಡಿದ್ದ.

ಹೊರಡುವ ಮುನ್ನ ಅಪ್ಪನ ಮಷೀನಿನಲ್ಲಿ ಅರವತ್ತೈದಿದ್ದವನು ಮುಂಬೈಯಲ್ಲಿ ತೂಗಿದಾಗ ಅರವತ್ತಮೂರು. ಮಾಸ್ಟರು ಬೆಚ್ಚಿದರು. "ಅಪ್ಪನ ಮಷೀನು ಹಳೇದು, ಕೆಟ್ಟಿರಬೇಕು," ಎಂದೆ ನಾನು. ಎಷ್ಟು ಸಲೀಸಾಗಿ ಬಂತು ಆ ಮಾತು! ಮಾರನೆಯ ದಿನ ಅವನು ಬಡಕಲು ನಾಯಿಯ ಹಾಗೆ ಅಖಾಡಕ್ಕಿಳಿದ. ಈಗ ಬೀಳುತ್ತಾನೆ, ಈಗ ಬೀಳುತ್ತಾನೆ ಎಂದು ಕಾದೆ. ಎರಡನೆಯ ಸುತ್ತಿನಲ್ಲಿ ನಾನು ಕಲಿಸಿದ ಅದೇ ಪಟ್ಟು ಹಾಕಿ ಗೆದ್ದುಬಿಟ್ಟ. ಅವನ ನೀರಿನ ಬಾಟಲಿ ಹಿಡಿದು ನಿಂತಿದ್ದ ನಾನೂ ಚಪ್ಪಾಳೆ ತಟ್ಟಿದೆ. ಅಷ್ಟು ಸೊರಗಿಸಿದರೂ ಸೋಲದವನ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಉರಿಯಿತು.

ವಾಪಸು ಬಂದವನೇ ಸ್ವೀಟ್ ಡಬ್ಬ ಹಿಡಿದು ನಮ್ಮ ಮನೆಗೆ ಬಂದ. ಅಮ್ಮ ದೃಷ್ಟಿ ತೆಗೆದಳು. ಅವನು ನಗುತ್ತ, "ಅಂಕಲ್, ನಿಮ್ ಮಷೀನ್ ರೆಂಡು ಕಿಲೋ ಜಾಸ್ತಿ ತೋರ್ಸುತ್ತೆ. ನಿಮ್ ಮಗನೇ ಹೇಳ್ದ, ಕೆಟ್ಟೋಗಿದೆ ಅಂತ," ಎಂದ. ಅಪ್ಪನ ಮುಖ ಕೆಂಪಾಯಿತು. "ನೋಡ್ತೀನಿ ತಾಳು," ಎಂದರು.

ಮಾರನೆಯ ದಿನ ನನ್ನೊಬ್ಬನನ್ನೇ ಆಫೀಸಿಗೆ ಕರೆದುಕೊಂಡು ಹೋದರು. ಮೂರು ಕಲ್ಲುಗಳನ್ನು ತಾವೇ ಎತ್ತಿಟ್ಟರು. ಮುಳ್ಳು ಅರವತ್ತಕ್ಕೆ ಸರಿಯಾಗಿ ನಿಂತಿತು. ಆಮೇಲೆ, "ಅವತ್ತು ನೀನು ಎಲ್ಲಿ ನಿಂತಿದ್ದೆ?" ಎಂದು ಕೇಳಿದರು. ತಟ್ಟೆಯ ಹಿಂದೆ ಹೋಗಿ ನಿಂತೆ. ಅವರು ನನ್ನ ಕಾಲು ನೋಡಿದರು. ಬಯ್ಯಲಿಲ್ಲ, ಹೊಡೆಯಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಮೂಲೆಗೆ ಸಾಗಿಸಿದರು. ನಾನು ಕೈಹಾಕಲು ಹೋದರೆ ಬೇಡವೆಂದರು.

ಭಾನುವಾರ ಅವನು ಊಟಕ್ಕೆ ಬಂದಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ನೋಡ್ದೆ ಕಣಪ್ಪ. ನೀನು ಹೇಳಿದ್ದು ಸರಿ. ಎರಡು ಕಿಲೋ ಜಾಸ್ತೀನೇ ತೋರಿಸ್ತಿತ್ತು. ನಂದೇ ತಪ್ಪು."

ಅಮ್ಮ ಅವನಿಗೆ ಇನ್ನೊಂದು ಮುದ್ದೆ ಹಾಕಿದಳು. ರಿಟೈರ್ ಆಗುವವರೆಗೂ ಅಪ್ಪ ಆ ಮಷೀನಿನ ಕತೆಯನ್ನು ಮನೆಯಲ್ಲಿ ಮತ್ತೆ ಹೇಳಲಿಲ್ಲ.