ಕುಂಕುಮದಡಿಯ ಹೆಸರು

ಹಳೆಯ ಕಂಪ್ಯೂಟರ್ ಕಣ್ಣಿಗೆ ಬಿದ್ದರೆ ಸಾಕು, ಅದರ ಕುಲಗೋತ್ರ ಹೇಳಬಲ್ಲೆನೆಂಬ ಜಂಬ ನನಗಿತ್ತು. ಕೋಲಾರದಲ್ಲಿ ರಿಪೇರಿ ಅಂಗಡಿ ಇಟ್ಟು ತಲೆ ನರೆತವನು ನಾನು. ಹೋದ ವರ್ಷ ಆ ಜಂಬ ಇಳಿಯಿತು.

ಗೌನಿಪಲ್ಲಿ ಕಡೆಯಿಂದ ಮಾವಿನ ಕಸಿ ಕಟ್ಟುವ ತಾತ ಒಬ್ಬರು ಬಂದಿದ್ದರು. ಅವರ ಅಪ್ಪ ಬೆಳೆಸಿದ್ದ ತಳಿಯ ತಾಯಿಮರ ಗಾಳಿಗೆ ಬಿದ್ದುಹೋಗಿತ್ತು. ಅದರ ಕಸಿಗಿಡಗಳು ಯಾರ್ಯಾರ ತೋಟಕ್ಕೆ ಹೋದವೆಂಬ ಪಟ್ಟಿ ಇದ್ದದ್ದು ಶ್ರೀನಿವಾಸಪುರದ ಬೆಳೆಗಾರರ ಸಂಘದ ಹಳೆಯ ಯಂತ್ರದಲ್ಲಿ ಮಾತ್ರ.

"ಒಂದು ಗಿಡ ಸಿಕ್ಕಿದ್ರೂ ಸಾಕಪ್ಪಾ, ಕಡ್ಡಿ ತಂದು ಕಟ್ತೀನಿ. ಕಣ್ಣು ಇನ್ನೊಂದು ವರ್ಷ ಇರ್ತವೋ ಇಲ್ವೋ," ಅಂದರು.

ಇಬ್ಬರೂ ಸಂಘದ ಉಗ್ರಾಣಕ್ಕೆ ಹೋದೆವು. ಯಾವ ಮಿಷನ್ನೆಂದು ತಿಳಿದರೆ ಪಟ್ಟಿ ಸಿಕ್ಕಂತೆಯೇ ಎಂದು ದಾರಿಯಲ್ಲಿ ತಾತನಿಗೆ ಹೇಳಿದ್ದೆ. ಯಂತ್ರವೋ, ಒಂದೇ ಪೆಟ್ಟಿಗೆಗೆ ನಾಲ್ಕು ಪರದೆ ಜೋಡಿಸಿ ನಾಲ್ವರು ಒಟ್ಟಿಗೆ ಕೆಲಸ ಮಾಡುತ್ತಿದ್ದ ಕಾಲದ್ದು. ಅದರ ಮಾದರಿಯ ಹೆಸರಿದ್ದ ಚೀಟಿಯ ಮೇಲೆ ವರ್ಷವರ್ಷದ ಆಯುಧಪೂಜೆಯ ಗಂಧ, ಕುಂಕುಮ ಗಟ್ಟಿಕಟ್ಟಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದೆ. ಕುಂಕುಮದ ಜೊತೆ ಅಕ್ಷರಗಳೂ ಕಿತ್ತು ಬಂದವು. ಅವಸರಗೇಡಿ ನಾನು, ಒಣಗಿದ್ದಾಗಲೇ ಮೆಲ್ಲಗೆ ಕೆರೆಯಬೇಕಿತ್ತು.

ಮುಚ್ಚಳ ತೆಗೆದರೆ ಮೇಲಿನ ಬೋರ್ಡಿನಲ್ಲೇ ಜೆಡ್-ಎಂಬತ್ತು ಚಿಪ್ ಕಂಡಿತು. ಅದರ ಮೇಲೆ ನಡೆಯುವ, ನಾನು ಕಲಿತಿದ್ದ ಎಂಪಿ/ಎಂ ವ್ಯವಸ್ಥೆಯೇ ಇದೆಂದು ತೀರ್ಮಾನಿಸಿಬಿಟ್ಟೆ. ಕೆಳಗಿನ ಬೋರ್ಡಿನಲ್ಲಿ ಏನಿದೆಯೆಂದು ನೋಡುವ ಗೋಜಿಗೇ ಹೋಗಲಿಲ್ಲ. ಸ್ವಿಚ್ ಹಾಕಿದೆ, ಡಿಸ್ಕ್ ತಿರುಗಿತು, ತಾತ ಕೈಮುಗಿದರು. ಪರದೆಯ ಮೇಲೆ ಒಂದು ಸಂಖ್ಯೆ ಮೂಡಿತು, ಪಕ್ಕದಲ್ಲಿ ತೆಗೆದುಹಾಕಲೇ ಎಂಬ ಪ್ರಶ್ನೆ. ಚೂರುಪಾರು ಕಸವಿರಬೇಕೆಂದು ಹೌದು ಎಂದು ಒತ್ತಿದೆ. ಮತ್ತೊಂದು ಬಂತು, ಒತ್ತಿದೆ. ಹೀಗೆ ಹತ್ತಾರು.

ಕೊನೆಗೆ ಬಂದದ್ದು ಯುನಿಕ್ಸ್ ಎಂಬ ಬೇರೆಯೇ ವ್ಯವಸ್ಥೆಯ ಲಾಗಿನ್; ಅದನ್ನು ನಡೆಸುವ ಚಿಪ್ ಇದ್ದದ್ದು ಆ ಕೆಳಗಿನ ಬೋರ್ಡಿನಲ್ಲಿ. ಎಂದೋ ಕರೆಂಟು ಹೋಗಿ ಘಾಸಿಯಾದ ಕಡತಗಳನ್ನು ಅಳಿಸಲೇ ಎಂದು ಅದು ಒಂದೊಂದಾಗಿ ಕೇಳಿತ್ತು. ಯುನಿಕ್ಸ್ ಎಂದು ಮೊದಲೇ ಗೊತ್ತಿದ್ದರೆ ಒಂದಕ್ಕೂ ಹೌದು ಎನ್ನುತ್ತಿರಲಿಲ್ಲ. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು ಹುಚ್ಚನಂತೆ ಹುಡುಕಿದೆ. ಕಸಿಗಿಡಗಳ ಪಟ್ಟಿ ಇರಲಿಲ್ಲ. ಬೀರುವಿನಲ್ಲಿದ್ದ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ನನ್ನ ಕೈಯನ್ನೇ ಕತ್ತರಿಸಿಕೊಳ್ಳಬೇಕೆನ್ನಿಸಿತು.

"ಯಾವ ಮಿಷನ್ನು ಅಂತ ತಿಳೀತಾ?" ತಾತ ಕೇಳಿದರು.

"ತಿಳೀತು ತಾತ."

ಅವರ ಮುಖ ಅರಳಿತು. ಜೇಬಿನಿಂದ ಮಡಿಸಿದ ಹಾಳೆ, ಪೆನ್ನು ತೆಗೆದು ನನ್ನ ಕೈಗಿಟ್ಟರು.

"ಹಂಗಾದ್ರೆ ತೋಟದೋರ ಹೆಸರೆಲ್ಲಾ ಬರ್ಕೊಡಪ್ಪಾ. ದಪ್ಪಕ್ಕೆ ಬರಿ, ಸಣ್ಣ ಅಕ್ಷರ ನಂಗೆ ಕಾಣಲ್ಲ."