ನಾನು ಬರದ ಪ್ರಶ್ನಿ, ಅಣ್ಣಾರು ಹೇಳಿದ ಅಭಿನಂದನೆ

ಒಂದು ಸಾಲಿ ಶುರುವಾಗೂಕಿಂತ ಮೊದ್ಲ ಅದನ್ನ ಮುಚ್ಚಿದ ಮಹಾಪುರುಷ ನಾನು. ಬೀಗ ಜಡೀಲಿಲ್ಲ, ಬೆಂಕಿ ಹಚ್ಚಲಿಲ್ಲ. ಒಂದು ಬಿಳಿ ಹಾಳ್ಯಾಗ ಎರಡು ಸಾಲು ಬರದೆ, ಅಷ್ಟ. ಈಗೂ ನೆನಸ್ಕೊಂಡ್ರ ಮೈ ಉರೀತೈತಿ. ಸಿಟ್ಟು ನನ್ನ ಮ್ಯಾಲ ಐತಿ, ಆದ್ರ ಪೂರ್ತಿ ನನ್ನ ಮ್ಯಾಲ ಇಲ್ಲ.

ಕನ್ನಡ ಎಂಎ ಮುಗಿಸಿ ಎರಡು ವರ್ಷ ಬಳ್ಳಾರಿ ಬಿಸಲಾಗ ತಿರುಗಿ ತಿರುಗಿ ಕರ್ರಗಾದ ಮ್ಯಾಲ ನನಗ ಒಬ್ರು ಎಮ್ಮೆಲ್ಲೆ ಹತ್ರ ಕೆಲಸ ಸಿಕ್ತು. ಪಾರ್ವತಿನಗರದಾಗ ಅವರ ಮನಿ, ಮುಂದಿನ ಖೋಲಿನ ಆಫೀಸು. ಯಾವ ಕ್ಷೇತ್ರ ಅಂತ ಕೇಳಬ್ಯಾಡ್ರಿ. ಸಿರುಗುಪ್ಪ ಕಡೆನೂ ಅವರ ಹುಡುಗ್ರು ಅದಾರ, ಕುರುಗೋಡು ಕಡೆನೂ ಅದಾರ, ನನ್ನ ಹಲ್ಲು ಇನ್ನ ಪೂರಾ ಅದಾವು, ಅವು ನನಗ ಬೇಕು. ಎಲ್ರೂ ಅವರನ್ನ ಅಣ್ಣಾರು ಅಂತಿದ್ರು. ನಾನೂ ಅಂದೆ.

ನನ್ನ ಕೆಲಸ ಕಾಗದ ಬರಿಯೂದು. ಶಿಫಾರಸು, ಮದುವಿ ಶುಭಾಶಯ, ಸತ್ತೋರ ಮನಿಗೆ ಸಂತಾಪ. ಮೊದಲ್ನೇ ವಾರದಾಗ ಒಬ್ಬ ಅಕ್ಕಿ ಗಿರಣಿ ಸಾವ್ಕಾರ ತೀರ್ಕೊಂಡ. ಸಂತಾಪ ಪತ್ರ ಓದಿದ್ರ ಕಲ್ಲೂ ಅಳಬೇಕು, ಹಂಗ ಬರದೆ. ಒಂದ ತಪ್ಪು, ಸತ್ತೋನ ಹೆಸರು ಇರೋ ಜಾಗದಾಗ ಅವರ ತಮ್ಮನ ಹೆಸರು ಹಾಕಿದ್ದೆ. ಮರುದಿನ ಆ ತಮ್ಮ ಕಾಗದ ಹಿಡ್ಕೊಂಡು ಬಂದು ನಿಂತ.

"ಅಣ್ಣಾರ, ನಾನು ಇನ್ನ ಅದೀನ್ರಿ."

ಅಣ್ಣಾರು ಹೊಟ್ಟಿ ಹಿಡ್ಕೊಂಡು ನಕ್ರು. "ಇರ್ರಿ, ಇರ್ರಿ. ಓಟಿಗೆ ಬೇಕಾಗ್ತೀರಿ."

ಅವತ್ತ ನನ್ನ ಹೊರಗ ಹಾಕಿದ್ರ ಎಷ್ಟೋ ಚಲೋ ಇತ್ತು. ಹಾಕ್ಲಿಲ್ಲ. ಅಣ್ಣಾರಿಗೆ ನಗಿಸೋರು ಬೇಕಾಗಿತ್ತು.

ಅವರ ರಾಜಕೀಯ ಪೂರಾ ಆ ಖೋಲಿ ಗೋಡಿ ಮ್ಯಾಲ ಇತ್ತು. ತಾಲೂಕು ಪಂಚಾಯ್ತಿ, ಆಮ್ಯಾಲ ಜಿಲ್ಲಾ ಪಂಚಾಯ್ತಿ, ಆಮ್ಯಾಲ ಎಮ್ಮೆಲ್ಲೆ. ಒಮ್ಮೆ ಸೋತ್ರು, ಪಕ್ಷ ಬದಲಿಸಿದ್ರು, ಗೆದ್ರು, ಮತ್ತ ಬದಲಿಸಿದ್ರು. ಪಕ್ಷ ಬಿಟ್ಟಾಗೆಲ್ಲ ಆ ಪಕ್ಷದ ದೊಡ್ಡೋರ ಜೊತಿ ತಗಸಿದ ಫೋಟೋ ತೆಗೀತಿರಲಿಲ್ಲ, ಮುಖ ಗೋಡಿಗೆ ಮಾಡಿ ತಿರುವಿ ಹಾಕಸ್ತಿದ್ರು. "ಇರಲಿ, ಬೇಕಾಗ್ತಾವು" ಅಂತಿದ್ರು. ಅರ್ಧ ಗೋಡಿ ಬರೇ ರಟ್ಟು, ದಾರ. ಅವರ ಜೀವನ ಚರಿತ್ರಿ ಓದಬೇಕಂದ್ರ ಮೊಳಿ ಕೀಳಬೇಕು.

ಇಷ್ಟು ವರ್ಷದಾಗ ವಿಧಾನಸಭಾದಾಗ ಅವರು ಬಾಯಿ ತೆಗದದ್ದು ಆಕಳಿಸಾಕ ಅಷ್ಟ. ಇದನ್ನ ಯಾವುದೋ ಪೇಪರ್‌ನೋರು ಬರದ್ರು. ಅವತ್ತು ಅಣ್ಣಾರು ತಿಂಡಿ ತಿನ್ನಲಿಲ್ಲ.

"ಏಮಿರಾ ಪಂಡಿತಾ, ಎಂಎ ಓದೀಯಲ್ಲ? ಪ್ರಶ್ನಿ ಬರಿ. ಈ ಅಧಿವೇಶನದಾಗ ನಾನು ಎದ್ದು ನಿಂತು ಕೇಳಬೇಕು, ಟಿವ್ಯಾಗ ಕಾಣಬೇಕು."

ನಂಗ ಅವಾಗ ನಮ್ಮಕ್ಕನ ಊರು ನೆನಪಾತು.

ನಮ್ಮಕ್ಕನ್ನ ಕೊಟ್ಟಿದ್ದು ಸಿರುಗುಪ್ಪದಿಂದ ಕುರುಗೋಡಿಗೆ ಹೋಗೋ ದಾರ್ಯಾಗ, ಕಾಲುವಿ ದಂಡಿ ಮ್ಯಾಲಿನ ಒಂದು ಸಣ್ಣ ಊರಿಗೆ. ಊರು ಅಣ್ಣಾರ ಕ್ಷೇತ್ರದಾಗ ಬರತೈತಿ. ಅಲ್ಲಿ ಸಾಲಿ ಏಳನೇತ್ತಿನ ಮಟ ಅಷ್ಟ. ಎಂಟನೇತ್ತಿಗೆ ಕುರುಗೋಡಿಗೆ ಹೋಗಬೇಕು. ಮುಂಜಾನಿ ಬಸ್ಸು ತುಂಬಿ ಬರತೈತಿ, ಆ ಊರು ಬಂದ್ರ ಡ್ರೈವರ್ ಬ್ರೇಕ್ ಮ್ಯಾಲ ಕಾಲ ಇಡಂಗಿಲ್ಲ. ಮುಂದಿನ ಬಸ್ಸು ಬರೂದ್ರಾಗ ಸಾಲಿ ಗಂಟಿ ಹೊಡದಿರತೈತಿ. ಅಕ್ಕನ ಮಗಳು ಏಳನೇತ್ತಿನಾಗ ಇದ್ಲು, ಇಡೀ ಸಾಲಿಗೆ ಮೊದಲ್ನೇದಾಕಿ. ಅವರ ತಾತ, ಅಂದ್ರ ನಮ್ಮಕ್ಕನ ಮಾವ, ಕಟ್ಟಿ ಮ್ಯಾಲ ಕುಂತು ಒಂದ ಮಾತು ಹೇಳಿದ್ದ. "ಎಂಟನೇತ್ತು ಊರಿಗೇ ಬಂದ್ರ ಓದಲಿ. ಇಲ್ಲಂದ್ರ ಸಾಕು. ಹೊಲಕ್ಕ ಹೋಗಲಿ, ಮೆಣಸಿನಕಾಯಿ ಬಿಡಸಲಿ."

ಅಕ್ಕ ನನಗ ಫೋನ್ ಹಚ್ಚಿದ್ಲು. "ಎಮ್ಮೆಲ್ಲೆ ಮನ್ಯಾಗ ಕುಂತು ಪಂಖಾ ಗಾಳಿ ತಗೋತಿ. ಹುಡಿಗೀಗೆ ಒಂದು ತರಗತಿ ತರಾಕ ಆಗಂಗಿಲ್ಲೇನೋ ನಿನಗ?"

"ಒಂದ್ಯಾಕಕ್ಕಾ, ಮೂರು ತರ್ತೀನಿ. ಎಂಟು, ಒಂಬತ್ತು, ಹತ್ತು" ಅಂದೆ. ನನ್ನ ಬಾಯಿಗೆ ಅವತ್ತು ಯಾರಾದ್ರೂ ಮಣ್ಣು ತುಂಬಬೇಕಿತ್ತು.

ಕುಂತು ಪ್ರಶ್ನಿ ಬರದೆ. ಹಳೆ ಫೈಲಿನಾಗ ಇದ್ದ ಮಾದರಿ ನೋಡಿ ಹಂಗ ಇಳಿಸಿದೆ. ಮೊದಲ್ನೇ ಸಾಲು: ಸದರಿ ಗ್ರಾಮದಲ್ಲಿ ಪ್ರೌಢಶಾಲೆ ಇಲ್ಲದೆ ವಿದ್ಯಾರ್ಥಿನಿಯರು ಶಾಲೆ ಬಿಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಎರಡ್ನೇ ಸಾಲು: ಬಂದಿದ್ದಲ್ಲಿ, ಎಂಟನೇ ತರಗತಿಯನ್ನು ಯಾವಾಗ ಆರಂಭಿಸಲಾಗುವುದು? ಓದಿ ನೋಡಿದೆ. ಏನು ಗತ್ತು! ನನ್ನ ಬೆನ್ನು ನಾನ ಚಪ್ಪರಿಸ್ಕೊಂಡೆ. ಅಣ್ಣಾರ ಕಿಸೆಗೆ ಒಂದು ಚೀಟಿನೂ ಇಟ್ಟೆ. ಮಂತ್ರಿ ಏನಾರ ಜಾರಿಕೊಂಡ್ರ ತಿರುಗಿ ಕೇಳಾಕ ಅಂತ ಮೂರು ಮಾತು ಅದ್ರಾಗ ಇದ್ವು: ಬಸ್ಸು ನಿಲ್ಲಂಗಿಲ್ಲ, ಸಾಲಿಗೆ ಕೊಡಾಕ ಊರೋರು ಜಾಗ ಬಿಟ್ಟಾರ, ಆರು ಹುಡಿಗ್ಯಾರು ಕಾಯಾಕತ್ಯಾರ.

ಪ್ರಶ್ನಿ ಆಯ್ಕಿ ಆತು. ಆ ದಿನ ನಾನು ಅಕ್ಕನ ಊರಾಗ ಇದ್ದೆ. ಸದನ ನೇರ ತೋರಸ್ತಾರಲ್ಲ, ಗುಡಿ ಕಟ್ಟಿ ಮ್ಯಾಲ ನನ್ನ ಮೊಬೈಲನ್ನ ಒಂದು ತಂಬಿಗಿಗೆ ಆನಿಸಿ ಇಟ್ಟು ಊರಿಗೆ ಊರ ನೋಡಾಕ ಕುಂತಿತ್ತು. ಹೊತ್ತು ಹನ್ನೊಂದು ದಾಟಿತ್ತು. ಅಣ್ಣಾರ ಹೆಸರು ಕರದ್ರು. ಅಣ್ಣಾರು ಎದ್ರು, ಪ್ರಶ್ನಿ ನಂಬರ್ ಹೇಳಿದ್ರು. ಮಂತ್ರಿ ಕುಂತಲ್ಲಿಂದ ಅರ್ಧ ಎದ್ದು, "ಉತ್ತರ ಒದಗಿಸಲಾಗಿದೆ" ಅಂದು ಕುಂತ್ರು. ಈಗ ಚೀಟಿ ತೆಗೀತಾರ ಅಂತ ನಾನು ಉಸಿರು ಹಿಡಿದೆ.

ಅಣ್ಣಾರು ಚೀಟಿ ತೆಗೀಲಿಲ್ಲ. ಕೈ ಮುಗದ್ರು. "ಸನ್ಮಾನ್ಯ ಸಚಿವರು ಬಹಳ ಕಾಳಜಿಯಿಂದ ಉತ್ತರ ಕೊಟ್ಟಿದ್ದಾರೆ. ನನ್ನ ಜನರ ಪರವಾಗಿ ಅವರಿಗೆ ಹೃತ್ಪೂರ್ವಕ ಅಭಿನಂದನೆ" ಅಂದು ಕುಂತ್ರು.

ಊರು ಎದ್ದು ಚಪ್ಪಾಳಿ ಹೊಡೀತು. ಅಭಿನಂದನೆ ಅಂದ್ರಲ್ಲ, ಮುಗೀತು, ಸಾಲಿ ಬಂತು! ತಾತ ತನ್ನ ಹೆಗಲ ಮ್ಯಾಲಿನ ಟವಲ್ ತೆಗದು ನನಗ ಹೊದಿಸಿದ. ಹೋಟೆಲಿನಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ ಎಲ್ರಿಗೂ ಹಂಚಿದ. ನಾನೂ ಎರಡು ಮಿರ್ಚಿ ಹೊಡದು ಸಣ್ಣದೊಂದು ಭಾಷಣ ಮಾಡಿದೆ. ಹೌದ್ರಿ, ಭಾಷಣ ಮಾಡಿದೆ. "ಇದು ನನ್ನೊಬ್ಬನ ಸಾಧನೆ ಅಲ್ಲ" ಅಂತನೂ ಅಂದೆ.

ಅಷ್ಟರಾಗ ಬೆಂಗ್ಳೂರಿನಾಗ ಇದ್ದ ಪಿಎ ಸಾರು ಅಚ್ಚು ಮಾಡಿದ ಉತ್ತರ ವಾಟ್ಸಾಪಿಗೆ ಕಳಿಸಿದ್ರು. ನನ್ನ ಕೈ ತುಂಬ ಎಣ್ಣಿ. "ಓದವ್ವಾ, ಜೋರಾಗಿ ಓದು" ಅಂತ ಹುಡಿಗೀಗೆ ಮೊಬೈಲ್ ಕೊಟ್ಟೆ. ಅಕಿ ಎದ್ದು ನಿಂತು, ಸಾಲ್ಯಾಗ ಓದಿದಂಗ ಓದಿದ್ಲು.

"ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿರುವುದಿಲ್ಲ. ಬಂದಿದ್ದಲ್ಲಿ ಯಾವಾಗ? ಉದ್ಭವಿಸುವುದಿಲ್ಲ."



"ಮಾವಾ, ಉದ್ಭವಿಸುವುದಿಲ್ಲ ಅಂದ್ರೇನು?"

ಎಂಎ ಕನ್ನಡ ಓದಿದ್ದು ಅವತ್ತು ಕೆಲಸಕ್ಕ ಬಂತು. "ಆ ಪ್ರಶ್ನಿನ ಹುಟ್ಟಂಗಿಲ್ಲ ಅಂತವ್ವಾ" ಅಂದೆ. ತಾತ ನನ್ನ ಮೈ ಮ್ಯಾಲಿನ ಟವಲ್ ತಗೊಂಡು ತನ್ನ ಹೆಗಲಿಗೆ ಹಾಕ್ಕೊಂಡ.

ವಾರ ಆದ ಮ್ಯಾಲ ಅಣ್ಣಾರು ಬಳ್ಳಾರಿಗೆ ಬಂದ್ರು. ಒಂದು ನಿಗಮದ ಅಧ್ಯಕ್ಷ ಆಗಿ ಬಂದ್ರು. ಕೊಡಸಿದ್ಯಾರು? ಅದ ಮಂತ್ರಿ. ಮನಿ ಮುಂದ ಜೆಸಿಬಿ ನಿಲ್ಲಿಸಿ, ಬಕೇಟಿನಾಗ ನಾಕು ಹುಡುಗ್ರು ಕುಂತು ಹೂವು ಸುರುವಿದ್ರು. ಹೂವು ತಲಿಗೆ, ಮೀಸಿಗೆ, ಕನ್ನಡಕಕ್ಕ ಎಲ್ಲಾ ಕಡೆ ಅಂಟಿತ್ತು. ಮಂದಿ ಹೋದ ಮ್ಯಾಲ ನಾನು ಖೋಲಿಗೆ ಹೋಗಿ ಕೇಳಿದೆ.

"ಅಣ್ಣಾರ, ಚೀಟಿ ಯಾಕ ತೆಗೀಲಿಲ್ರಿ?"

"ಯಾವ ಚೀಟಿ?"

"ಸಾಲಿ ಚೀಟಿ. ಇಲ್ಲ ಅಂದೋರಿಗೆ ಅಭಿನಂದನೆ ಹೇಳಿ ಬಂದೀರಿ."

ಅಣ್ಣಾರು ಕಿವ್ಯಾಗಿನ ಹೂವಿನ ಎಸಳು ತೆಗದ್ರು. "ಲೇ, ಆ ಮಂತ್ರೀನ ಎದುರು ಹಾಕ್ಕೊಂಡು ನಾನು ಎಲ್ಲಿಗೆ ಹೋಗಲೋ? ನಿಗಮ ಕೈಯಾಗಿರಲಿ. ಸಾಲಿ ಆಮ್ಯಾಲ ನೋಡೋಣ."

"ಜೂನ್ ಬಂತ್ರಿ. ಹುಡಿಗಿ ಹೊಲಕ್ಕ ಹೊಕ್ಕಾಳ."

"ನಿನ್ನ ಹುಡಿಗಿ ಸಲುವಾಗಿ ಸದನ ನಡೆಸಬೇಕೇನಲೇ? ಅಲ್ಲಾ, ಗಮನಕ್ಕೆ ಬಂದೈತೇನು ಅಂತ ಕೇಳಿದೋನು ನೀನ. ಬಂದಿಲ್ಲ ಅಂದ್ರು. ಬಾಗ್ಲಾ ಹಾಕ್ಕೊಳ್ರಿ ಅಂತ ನೀನ ಹಾಳ್ಯಾಗ ಬರದು ಕೊಟ್ಟಿ. ಆ ಸಂತಾಪ ಪತ್ರದಂಗ!"

ಅಂದು ನಕ್ರು. ಸುತ್ತಲಿದ್ದೋರೂ ನಕ್ರು. ಆ ಮಾತು ಖರೇ ಇತ್ತು. ಮೊದ್ಲ ಊರೋರ ಸಹಿ ಹಾಕಿಸಿ ಇಲಾಖೆಗೆ ಒಂದು ಅರ್ಜಿ ಕೊಟ್ಟು, ಅದರ ನಂಬರು, ದಿನಾಂಕ ಹಾಕಿ "ಈ ಅರ್ಜಿ ಏನಾಯಿತು" ಅಂತ ಕೇಳಿದ್ರ ಅವರಿಗೆ ಇಲ್ಲ ಅನ್ನಾಕ ಬರ್ತಿರಲಿಲ್ಲ. ಆದ್ರ ನಾನು ಬಾಗ್ಲಾ ಹಾಕಿದ್ರ, ಕದಾ ಬಡೀರಿ ಅಂತ ಕಿಸ್ಯಾಗ ಚೀಟಿ ಇಟ್ಟಿದ್ದೆನಲ್ಲ, ಅದನ್ನ ಬಡೀಲಿಲ್ಲ ಈ ಮನುಷ್ಯಾ. ಬಡೀದಿದ್ದಕ್ಕ ಅವರಿಗೆ ಕುರ್ಚಿ ಬಂತು.

"ಅಣ್ಣಾರ, ಮುಂದಿನ ಸಂತಾಪ ಪತ್ರ ನೀವ ಬರ್ಕೊಳ್ರಿ" ಅಂದು ಕೀಲಿಕೈ ಮೇಜಿನ ಮ್ಯಾಲ ಒಗದು ಹೊರಗ ಬಂದೆ. ಭಾಳ ಜೋರಾಗಿ ಅಂದೆ ಅಂತ ಎಲ್ರಿಗೂ ಹೇಳ್ಕೋತೀನಿ. ಖರೇ ಹೇಳಬೇಕಂದ್ರ ಒಗದದ್ದು ಆಫೀಸಿನ ಕೀಲಿ ಅಲ್ಲ, ನನ್ನ ಬೈಕಿಂದು. ತಿರುಗಿ ಒಳಗ ಹೋಗಿ, "ಇದಲ್ರೀ" ಅಂದು ಬದಲಿಸಿ ತಂದೆ.

ಅಲ್ಲಿಂದ ಸೀದಾ ಅಕ್ಕನ ಊರಿಗೆ ಹೋಗಿ ತಾತನ ಮುಂದ ನಿಂತೆ. "ತಪ್ಪು ನಂದು ಐತ್ರಿ. ಹುಡಿಗೀನ ಕುರುಗೋಡು ಸಾಲಿಗೆ ಹಚ್ರಿ, ದಿನಾ ನಾನ ಬಿಡ್ತೀನಿ, ನಾನ ಕರ್ಕೊಂಡು ಬರ್ತೀನಿ."

"ಎಷ್ಟು ದಿನ?"

"ಹತ್ತನೇತ್ತು ಮುಗಿಯೋಮಟ."

"ನಿನ್ನ ಮಾತಿಗೆ ಒಮ್ಮೆ ಮಿರ್ಚಿ ಹಂಚೀನಪ್ಪಾ" ಅಂದ ತಾತ. ಬ್ಯಾಡ ಅನ್ನಲಿಲ್ಲ. ಒಳಗಿಂದ ನಮ್ಮಕ್ಕ ಹುಡಿಗಿ ಚೀಲ ತಂದು ಬೈಕಿನ ಮ್ಯಾಲ ಇಟ್ಲು, ನನ್ನ ಮುಖ ನೋಡ್ಲಿಲ್ಲ.

ಈಗ ದಿನಾ ಎಂಟೂವರಿಗೆ ನಾನು ಆ ಊರಾಗ ಇರ್ತೀನಿ. ಆದ್ರ ಏಳನೇತ್ತು ಪಾಸಾದ ಹುಡಿಗ್ಯಾರು ಆರು ಮಂದಿ. ಮೊದಲ್ನೇ ದಿನ ಉಳಿದ ಐದು ಮಂದಿ ರಸ್ತಾ ದಂಡಿಗೆ ನಿಂತು ನಮ್ಮನ್ನ ನೋಡಿದ್ರು. ಕೈಯಾಗ ಬುತ್ತಿ ಇತ್ತು, ಹೊಲಕ್ಕ ಹೊಂಟಿದ್ರು. ಅದ್ರಾಗ ಒಬ್ಬಾಕಿ ಕೇಳಿದ್ಲು.

"ಅಣ್ಣಾ, ನಾಳಿ ನನ್ನ ಕರ್ಕೊಂಡು ಹೋಗ್ತೀಯೇನು?"

ಎಲ್ಲಾದಕ್ಕೂ ಏನಾರ ಒಂದು ಕುಚೋದ್ಯದ ಮಾತು ಇಟ್ಕೊಂಡಿರೋ ಬಾಯಿ ನಂದು. ಅದನ್ನ ತೆಗೆಯೂಕಿಂತ ಮೊದ್ಲ ಅಕ್ಕನ ಮಗಳು ಹಿಂದಿನಿಂದ ನನ್ನ ಬೆನ್ನಿಗೆ ಒತ್ತಿ ಮುಂದ ಸರಿದ್ಲು. "ನಾಳಿ ಯಾಕ, ಹತ್ತಲೇ" ಅಂದ್ಲು.

ಈಗ ಇಬ್ರನ್ನ ಕರ್ಕೊಂಡು ಹೊಕ್ಕೀನಿ. ನಾಕು ಮಂದಿ ಹೊಲದಾಗ ಅದಾರ.